ಹಳೇ ಸಿನಿಮಾದ ಕ್ಲೈಮ್ಯಾಕ್ಸ್ ಹೇಳಿಬಿಡೋದು: ನಮ್ಮ ಮಕ್ಕಳಿಗೂ ಅದು ಹಳೇ ಸಿನಿಮಾನಾ?

ಡೊಂಬಿವಲಿ ಅಮ್ಮ

ಕಳೆದ ಭಾನುವಾರ ಆದದ್ದು ಇನ್ನೂ ಮನಸ್ಸಿಂದ ಹೋಗಿಲ್ಲ, ಅದಕ್ಕೇ ಬರೀತಿದ್ದೀನಿ. ನಮ್ಮ ಕಡೆಯ ಒಂದು ಕನ್ನಡ ಬಳಗದವರು ‘ಬೆಳದಿಂಗಳ ಬಾಲೆ’ ಹಾಕಿದ್ರು. ಶಾಲೆಯೊಂದರ ಹಾಲ್, ಗೋಡೆಗೆ ಬಿಳಿ ಪರದೆ, ಬಾಡಿಗೆ ಪ್ರೊಜೆಕ್ಟರ್, ಮಧ್ಯಂತರಕ್ಕೆ ಚಹಾ, ಖಾರಾಬೂಂದಿ. ನನ್ನ ಮಗಳಿಗೆ ಹದಿನಾರು. ಹುಟ್ಟಿದ್ದು ಬೆಳೆದಿದ್ದು ಎಲ್ಲ ಇಲ್ಲೇ, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಶಾಲೆಯಲ್ಲಿ ಇಂಗ್ಲಿಷ್, ಬಿಲ್ಡಿಂಗ್‌ನಲ್ಲಿ ಮರಾಠಿ, ಟ್ರೈನಲ್ಲಿ ಹಿಂದಿ. ಕನ್ನಡ ಅಂದ್ರೆ ನಾನು ಮತ್ತು ಶಿವಮೊಗ್ಗದ ಅಜ್ಜಿ, ಅಷ್ಟೇ. ಕನ್ನಡ ಸಿನಿಮಾಗೆ ಬಾ ಅಂದ್ರೆ ಪರೀಕ್ಷೆ ನೆಪ ಹೇಳ್ತಾಳೆ. ಈ ಸಲ ಕಥೆಯ ಒಂದೇ ಒಂದು ಎಳೆ ಹೇಳಿದ್ದೆ. “ಒಬ್ಬ ಚೆಸ್ ಆಟಗಾರ. ಗುರುತಿಲ್ಲದ ಹುಡುಗಿಯೊಬ್ಬಳು ಅವನಿಗೆ ಫೋನ್ ಮಾಡ್ತಾಳೆ. ಸುಳಿವು ಕೊಡ್ತೀನಿ, ನನ್ನನ್ನು ಹುಡುಕು ಅಂತಾಳೆ.” ಕಿವೀಲಿದ್ದ ಇಯರ್‌ಫೋನ್ ತೆಗೆದು “ಆಮೇಲೆ?” ಅಂದ್ಲು. “ಬಂದು ನೋಡು” ಅಂದೆ. ಬಂದ್ಲು.

ಸಿನಿಮಾಕ್ಕೆ ಮುಂಚೆ ಹಿರಿಯರೊಬ್ಬರು ಪರಿಚಯ ಮಾಡಿಕೊಟ್ರು. 1995ರ ಚಿತ್ರ, ಸುನಿಲ್ ಕುಮಾರ್ ದೇಸಾಯಿ ನಿರ್ದೇಶನ, ಅನಂತ್ ನಾಗ್ ಅಭಿನಯ, ಯಂಡಮೂರಿ ವೀರೇಂದ್ರನಾಥರ ಕಾದಂಬರಿ. ತುಂಬ ಚೆನ್ನಾಗಿ ಹೇಳಿದ್ರು, ಪ್ರೀತಿಯಿಂದಲೇ ಹೇಳಿದ್ರು. ಆಮೇಲೆ “ನಿಮಗೆಲ್ಲ ಗೊತ್ತಿರೋದೇ” ಅಂತ ಶುರು ಮಾಡಿ, ಆ ಹುಡುಗಿ ಯಾರು, ಕೊನೆಗೆ ಏನಾಗುತ್ತೆ ಅನ್ನೋದನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ರು. ಸುತ್ತ ಕೂತಿದ್ದ ನಮ್ಮ ವಯಸ್ಸಿನವರೆಲ್ಲ ತಲೆ ಆಡಿಸಿದ್ರು. ಮಗಳು ನನ್ನ ಕಡೆ ತಿರುಗಿದ್ಲು. ಏನೂ ಅನ್ನಲಿಲ್ಲ. ಪರದೆ ಮೇಲೆ ಮೊದಲ ಸಲ ಫೋನ್ ರಿಂಗಾದಾಗ ಆಸೆಯಿಂದ ಅವಳ ಮುಖ ನೋಡಿದೆ. ಅವಳು ಹಾಲಿನ ಗಡಿಯಾರ ನೋಡ್ತಿದ್ಲು.

ಹಳೇ ಸಿನಿಮಾದ ಕಥೆ ಎಲ್ಲರಿಗೂ ಗೊತ್ತು ಅನ್ನೋ ಮಾತು ಶಿವಮೊಗ್ಗದಲ್ಲೋ ಮೈಸೂರಲ್ಲೋ ಸರಿ ಇರಬಹುದು. ಅಲ್ಲಿ ಕಥೆ ಗಾಳಿಯಲ್ಲೇ ಇರುತ್ತೆ. ಆಟೋ ಹಿಂದೆ ಶಂಕರಣ್ಣನ ಚಿತ್ರ, ಸೆಲೂನಲ್ಲಿ ವಿಷ್ಣುವರ್ಧನ್ ಕ್ಯಾಲೆಂಡರ್, ಗಣೇಶನ ಪೆಂಡಾಲಲ್ಲಿ ಅಣ್ಣಾವ್ರ ಹಾಡು. ಚಾಮಯ್ಯ ಮೇಷ್ಟ್ರು ಯಾರು ಅಂತ ಅಲ್ಲಿನ ಮಕ್ಕಳು ಸಿನಿಮಾ ನೋಡದೇನೂ ಬಲ್ಲರು. ಡೊಂಬಿವಲಿಯಲ್ಲಿ ಆ ಗಾಳಿ ಬೀಸಲ್ಲ. ಇಲ್ಲಿನ ಮಗುವಿಗೆ 1972ರ ‘ನಾಗರಹಾವು’ ಇವತ್ತು ಬಿಡುಗಡೆಯಾದ ಸಿನಿಮಾ. ಹೊರನಾಡಿನಲ್ಲಿ ಇರೋ ನಾವೇ ಇದನ್ನ ಮರೆತರೆ ಹೇಗೆ?

ಹಳೇ ಸಿನಿಮಾ ಬಗ್ಗೆ ಮಾತಾಡುವಾಗ ನೀವೆಲ್ಲ ಎಲ್ಲಿಗೆ ನಿಲ್ಲಿಸ್ತೀರಿ? ಎಷ್ಟು ವರ್ಷ ಆದಮೇಲೆ ಕೊನೆ ಹೇಳಬಹುದು? ಇಲ್ಲಿ ಉತ್ತರ ಬರೆಯುವಾಗ ಯಾವ ಸಿನಿಮಾದ ಕೊನೆಯನ್ನೂ ಯಾರೂ ಹೇಳಬೇಡಿ ಅಂತ ಕೇಳ್ಕೋತೀನಿ. ಹೇಳಲೇಬೇಕಾದ್ರೆ ಮೊದಲೇ ಒಂದು ಸಾಲು ಎಚ್ಚರಿಕೆ ಬರೆಯಿರಿ.

ಮುಲುಂಡ್ ತಾಳಮದ್ದಳೆ

ಅಕ್ಕ, ನಿಮ್ಮ ಮಗಳ ಬೇಸರ ಅರ್ಥ ಆಗ್ತದೆ. ಆದರೆ ನಾನು ಸ್ವಲ್ಪ ಬೇರೆ ಕಡೆಯಿಂದ ಬಂದವ. ನಮ್ಮ ಕರಾವಳಿಯವರು ಕೊನೆ ಗೊತ್ತಿದ್ದೇ ರಾತ್ರಿಯಿಡೀ ಕೂತುಕೊಳ್ಳುವವರು. ಮಳೆಗಾಲ ಬಂದರೆ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬರ್ತಾರೆ, ಒಂದೊಂದು ಹಾಲಿನಲ್ಲಿ ಒಂದೊಂದು ಪ್ರಸಂಗ. ಕರ್ಣಪರ್ವ ಅಂದ ಮೇಲೆ ಕರ್ಣ ಸಾಯುವವನೇ. ರಥದ ಚಕ್ರ ಹೂತುಹೋಗುವುದು ಸಣ್ಣ ಮಕ್ಕಳಿಗೂ ಗೊತ್ತುಂಟು. ಆದರೂ ಒಬ್ಬ ಒಳ್ಳೆಯ ಅರ್ಥಧಾರಿ ಆ ಹೊತ್ತಿನಲ್ಲಿ ಕರ್ಣನಾಗಿ ಏನು ಹೇಳ್ತಾನೆ ಅಂತ ಕೇಳಲಿಕ್ಕೆ ನಾನು ಮುಲುಂಡಿನಿಂದ ಕುರ್ಲಾಕ್ಕೆ ಹೋಗಿ ಕಡೆಯ ಲೋಕಲ್ ತಪ್ಪಿಸಿಕೊಂಡದ್ದುಂಟು. ಕಥೆ ಗೊತ್ತಾದ ಕೂಡಲೇ ರಸ ಹೋಗುವುದಾದರೆ ನಮ್ಮಲ್ಲಿ ಮಹಾಭಾರತ ಯಾವತ್ತೋ ಸತ್ತುಹೋಗ್ತಿತ್ತು.

ಮರಾಠಾ ಮಂದಿರ ಥಿಯೇಟರಿನಲ್ಲಿ ಶಾರುಖ್ ಮತ್ತು ಕಾಜೋಲರ ಆ 1995ರ ಸಿನಿಮಾ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೆಂಗೆ’ ಇಷ್ಟು ವರ್ಷ ಓಡಿದ್ದು ಹೇಗೆ? ಮುಂಬಯಿ ಸೆಂಟ್ರಲ್‌ನಲ್ಲಿ ಇಳಿದು ಅಲ್ಲಿಗೆ ಹೋಗುವವರಿಗೆ ಕೊನೆಯ ರೈಲಿನ ದೃಶ್ಯ ಗೊತ್ತಿಲ್ಲ ಅಂತ ಯಾರು ಹೇಳ್ತಾರೆ? ಅದಕ್ಕಾಗಿಯೇ ಹೋಗುವುದು.

ಡೊಂಬಿವಲಿ ಅಮ್ಮ

ನಿಮ್ಮ ಮಾತು ಒಪ್ತೀನಿ ಸರ್. ಅದೇ ಮಾತಿನ ಮುಂದೆ ಒಂದು ಪ್ರಶ್ನೆ. ಪುರಾಣದ ಪ್ರಸಂಗ ಬಿಡಿ, ತುಳುವಿನಲ್ಲಿ ಹೊಸದಾಗಿ ಬರೆದ ಕಾಲ್ಪನಿಕ ಪ್ರಸಂಗಗಳಿವೆಯಲ್ಲ. ಅವನ್ನ ನೋಡಿ ಬಂದು, ನಾಳೆ ಹೋಗೋರಿಗೆ ಕೊನೆ ಹೇಳ್ತೀರಾ?

ಮುಲುಂಡ್ ತಾಳಮದ್ದಳೆ

ಇಲ್ಲ. ಖಂಡಿತ ಹೇಳುವುದಿಲ್ಲ. ನನ್ನ ಹೆಂಡತಿಗೂ ಹೇಳುವುದಿಲ್ಲ. ಅದು ನ್ಯಾಯದ ಪ್ರಶ್ನೆ.

ವಾಸ್ಕೊ ವಿಜಯಪುರ

ಅಕ್ಕಾರ ನಮಸ್ಕಾರ. ನಾನು ಮೂಲ ವಿಜಯಪುರದಾಂವ, ವಾಸ್ಕೊಕ್ಕ ಬಂದು ಹನ್ನೊಂದು ವರ್ಷ ಆತು. ನನ್ನ ಕೈಯಿಂದ ಆದ ತಪ್ಪು ಹೇಳ್ತೀನ್ರಿ, ಯಾರಿಗರ ಉಪಯೋಗ ಆಗಲಿ.

ರವಿಚಂದ್ರನ್ ಅವರ ‘ದೃಶ್ಯ’ 2014ರಾಗ ಬಂತು. ಮಲಯಾಳಂ ಮೂಲದ್ದು 2013ರದು. ನಾನು ಕನ್ನಡದಾಗ ನೋಡಿದ್ದೆ. ಮರುವರ್ಷ ಹಿಂದಿಯೊಳಗ ಬಂತು, ಕಥಿ ಗೋವಾದಾಗ ನಡಿಯೂದು. ಇಲ್ಲಿ ಮಂದಿಗೆ ಎಷ್ಟು ಖುಷಿ ಅಂದ್ರ, ನಮ್ಮೂರು, ನಮ್ಮ ಬಸ್ಸು, ನಮ್ಮ ಪಣಜಿ ತೋರ್ಸ್ಯಾರ ಅಂತ. ನಮ್ಮ ಡಿಪಾರ್ಟ್‌ಮೆಂಟಿನಾಗ ಒಬ್ಬಾಂವ ಕೊಂಕಣಿ ಹುಡುಗ, ಶನಿವಾರದ ಟಿಕೆಟ್ ತಗದಿದ್ದ, ಹೆಂಡತಿ, ತಾಯಿ ಎಲ್ಲಾರಿಗೂ ಸೇರಿ. ಶುಕ್ರವಾರ ಊಟಕ್ಕ ಕುಂತಾಗ ನಾನು “ಇದು ನಮ್ಮ ಕನ್ನಡದಾಗ ಆಗ್ಲೇ ಬಂದೈತಿ” ಅಂತ ಹೇಳಾಕ ಹೋಗಿ, ಕೊನೀ ಐದು ನಿಮಿಷದಾಗ ಏನು ತೋರಸ್ತಾರ ಅದನ್ನ ಹೇಳಿಬಿಟ್ಟೆ. ಆ ಹುಡುಗನ ಕೈಯಾಗಿನ ತುತ್ತು ಅಲ್ಲೇ ನಿಂತಿತ್ರಿ. “ತುಕಾ ಕಿತೆಂ ಜಾಲೆಂ?” ಅಂದ, ನಿನಗೇನಾತು ಅಂತ. ಸಿಟ್ಟು ಅಲ್ಲ ಅದು. ಅವನ ಧ್ವನಿ ಇನ್ನೂ ಕಿವ್ಯಾಗ ಐತಿ.

ಹಳೇ ಸಿನಿಮಾ ಅಂದ್ರ ಯಾರಿಗೆ ಹಳೇದು? ನನಗ ಹಳೇದು ಇತ್ತು, ಅವನಿಗೆ ನಾಳೆ ನೋಡೂದಿತ್ತು. ರೀಮೇಕ್ ಇದ್ದಲ್ಲಿ ವರ್ಷ ಎಣಸಾಕ ಬರೂದಿಲ್ರಿ. ‘ಆಪ್ತಮಿತ್ರ’ದ ಗುಟ್ಟು ಹೇಳಿದ್ರ ಮಲಯಾಳಂದ ‘ಮಣಿಚಿತ್ರತಾಳ್’, ತಮಿಳಿನ ‘ಚಂದ್ರಮುಖಿ’, ಹಿಂದಿ ‘ಭೂಲ್ ಭುಲಯ್ಯಾ’ ನಾಲ್ಕೂ ಹೋದವು. ಒಂದು ಬಾಯಿ, ನಾಲ್ಕು ಭಾಷಾದ ಮಂದಿಗೆ ನಷ್ಟ.

ಹಂಗಂತ ಎಲ್ಲಾನೂ ಮುಚ್ಚಿಡಬೇಕಂತಲ್ಲ. ಅಕ್ಟೋಬರ್ 2 ಬಂತಂದ್ರ ಆ ಹಿಂದಿ ‘ದೃಶ್ಯಂ’ದಾಗಿನ ಸತ್ಸಂಗ, ಪಾವ್ ಭಾಜಿ ಅಂತ ಮೆಸೇಜ್ ಎಲ್ಲಾ ಕಡೆ ಹರದಾಡ್ತಾವು. ಅದು ಗೊತ್ತಾದ್ರ ಏನೂ ಕೆಡೂದಿಲ್ಲ, ಉಲ್ಟಾ ನೋಡಬೇಕು ಅನಸ್ತೈತಿ. ಕೊನೀ ಐದು ನಿಮಿಷ ಬ್ಯಾರೆ.

ಲಾ ಕಾಲೇಜ್ ರಸ್ತೆ, ಪುಣೆ

ಇಲ್ಲಿ ಒಂದು ವಿರುದ್ಧ ಅಭಿಪ್ರಾಯ ಇರಲಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಮತ್ತು ಫಿಲ್ಮ್ ಆರ್ಕೈವ್ ಸೇರಿ ನಡೆಸುವ ಬೇಸಿಗೆಯ ರಸಗ್ರಹಣ ಶಿಬಿರದಲ್ಲಿ ನಾನೂ ಕೂತಿದ್ದೆ. ಅಲ್ಲಿ ಕೊನೆಯ ದೃಶ್ಯವನ್ನೇ ಮೊದಲು ತೆಗೆದುಕೊಂಡು ಚರ್ಚಿಸಿದರೂ ಯಾರಿಗೂ ಬೇಸರ ಅನಿಸುತ್ತಿರಲಿಲ್ಲ. ಅದೇ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು. ಅನಂತಮೂರ್ತಿಯವರ ಕಥೆ ಓದಿದ್ದವನಿಗೆ ಅಲ್ಲಿ ಮುಂದೇನು ಅನ್ನುವ ಕುತೂಹಲವೇ ಇರಲಿಲ್ಲ. ಆದರೂ ಆ ಹುಡುಗ ನಾಣಿಯ ಕಣ್ಣಿನಿಂದ ನೋಡುತ್ತಾ ನೋಡುತ್ತಾ ನನಗೆ ಉಸಿರು ಕಟ್ಟಿತು. ಕೊನೆ ಗೊತ್ತಾದರೆ ಕೆಡುವ ಸಿನಿಮಾ ಮೊದಲಿಂದಲೂ ಸಾಧಾರಣ ಸಿನಿಮಾ ಎಂದೇ ನನ್ನ ನಂಬಿಕೆ.

ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಹಲವರಿಗೆ ಗೊತ್ತಿರಬಹುದು. ಬಾಂಬ್ ಇರುವುದು ಪ್ರೇಕ್ಷಕರಿಗೆ ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು. ಮೊದಲೇ ತೋರಿಸಿಬಿಟ್ಟರೆ ಹದಿನೈದು ನಿಮಿಷದ ತಳಮಳ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನವರು 2011ರಲ್ಲಿ ಸಣ್ಣಕಥೆಗಳನ್ನಿಟ್ಟು ಪರೀಕ್ಷೆ ಮಾಡಿದ್ದರು. ಕೊನೆಯನ್ನು ಮೊದಲೇ ತಿಳಿದು ಓದಿದವರೇ ಕಥೆಯನ್ನು ಸ್ವಲ್ಪ ಹೆಚ್ಚು ಮೆಚ್ಚಿದ್ದರು.

ಡೊಂಬಿವಲಿ ಅಮ್ಮ

ಸರ್, ನೀವು ಬರೆದದ್ದನ್ನ ಎರಡು ಸಲ ಓದಿದೆ. ಲೋಕಲ್ ಟ್ರೈನಿನ ಲೇಡೀಸ್ ಡಬ್ಬದಲ್ಲಿ, ಮೂರು ಜನದ ಸೀಟಿನ ತುದೀಲಿ ನಾಲ್ಕನೆಯವಳಾಗಿ ಕೂತು. ಠಾಣೆ ದಾಟೋವರೆಗೂ ಅದೇ ಯೋಚನೆ.

ಆ ಪರೀಕ್ಷೆ ಬಗ್ಗೆ ನಾನೂ ಓದಿದ್ದೀನಿ. ಅದರಲ್ಲಿದ್ದದ್ದು ಕೆಲವೇ ಪುಟದ ಕಥೆಗಳು. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ಅದಿರಲಿ. ನನಗೆ ಹಿಡಿಸಿದ್ದು ನಿಮ್ಮ ಬಾಂಬಿನ ಮಾತು. ಅಲ್ಲಿ ಬಾಂಬ್ ಇದೆ ಅಂತ ನಮಗೆ ತಿಳಿಸೋರು ಯಾರು? ನಿರ್ದೇಶಕ. ಯಾವಾಗ ತಿಳಿಸಬೇಕು ಅಂತ ಯೋಚಿಸಿ, ಅಳೆದು, ಅವನೇ ತಿಳಿಸ್ತಾನೆ. ನನ್ನ ಪಕ್ಕದ ಕುರ್ಚಿಯವರು ತಿಳಿಸೋದಲ್ಲ. ಅದೇ ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಬಂದಾಗ, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರಿನವರಿಗೆ ಕಟ್ಟುನಿಟ್ಟು ಮಾಡಿಸಿದ್ರು. ಕೊನೆ ಗೊತ್ತಾದ್ರೂ ಪರವಾಗಿಲ್ಲ ಅನ್ನೋರಾಗಿದ್ರೆ ಅಷ್ಟು ಯಾಕೆ ಮಾಡ್ತಿದ್ರು? ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯ ‘ಮೌಸ್‌ಟ್ರ್ಯಾಪ್’ ನಾಟಕ 1952ರಿಂದ ನಡೀತಿದೆ. ನಾಟಕ ಮುಗಿದ ಮೇಲೆ, ಇದರ ಗುಟ್ಟನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ ಅಂತ ಪ್ರೇಕ್ಷಕರನ್ನ ಕೇಳಿಕೊಳ್ಳೋ ಪದ್ಧತಿ ಇದೆ. ಎಪ್ಪತ್ತು ವರ್ಷ ದಾಟಿದ ಮೇಲೂ ಹಳೇದಾಯ್ತು ಅಂತ ಅವರು ಬಿಟ್ಟಿಲ್ಲ.

ನೀವು ಹೇಳೋ ರಸ ಇದೆ ಸರ್, ಖಂಡಿತ ಇದೆ. ‘ಬಂಗಾರದ ಮನುಷ್ಯ’ದ ಕೊನೆ ನನಗೆ ಬಾಯಿಪಾಠ, ಆದ್ರೂ ಪ್ರತಿ ಸಲ ಅಳ್ತೀನಿ. ಆದ್ರೆ ಆ ಅಳು ಎರಡನೇ ಸಲದ್ದು, ಹತ್ತನೇ ಸಲದ್ದು. ಮೊದಲನೇ ಸಲ ನೋಡಿದ್ದು ಶಿವಮೊಗ್ಗದ ಟೆಂಟ್‌ನಲ್ಲಿ, ಅಪ್ಪನ ತೊಡೆ ಮೇಲೆ ಕೂತು. ಅಪ್ಪನಿಗೆ ಕಥೆ ಗೊತ್ತಿತ್ತು. ಒಂದು ಮಾತೂ ಹೇಳಲಿಲ್ಲ. ಆ ಮೊದಲನೇ ಸಲವನ್ನ ನನ್ನ ಮಗಳಿಗೆ ದಾಟಿಸಬೇಕು ಅನ್ನೋದಷ್ಟೇ ನನ್ನ ಆಸೆ.

ಲಾ ಕಾಲೇಜ್ ರಸ್ತೆ, ಪುಣೆ

ಯಾವಾಗ ಹೇಳಬೇಕು ಎನ್ನುವುದು ನಿರ್ದೇಶಕನಿಗೆ ಬಿಟ್ಟದ್ದು ಎನ್ನುವ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಒಪ್ಪಿದೆ. ವಿಮರ್ಶೆ ಬರೆಯುವಾಗ ಕೊನೆಯನ್ನು ಮುಟ್ಟದೆ ಬರೆಯಲು ಆಗುವುದಿಲ್ಲ ಎನ್ನುವುದು ಮಾತ್ರ ನಿಮಗೂ ತಿಳಿದಿರಲಿ. ‘ಶರಪಂಜರ’ದ ಕೊನೆಯನ್ನು ಬಿಟ್ಟು ಪುಟ್ಟಣ್ಣನವರ ಬಗ್ಗೆ ಏನು ಬರೆಯುವುದು? ಅಂಥಲ್ಲಿ ಮೊದಲ ಸಾಲಿನಲ್ಲೇ ಓದುಗರಿಗೆ ತಿಳಿಸುತ್ತೇನೆ, ಇನ್ನು ಮುಂದೆ.

ಠಾಣೆ ಹುಡುಗಿ

ಆಂಟಿ, ನಾನು ನಿಮ್ಮ ಮಗಳ ಥರದವಳೇ. ಈಗ ಇಪ್ಪತ್ತೆರಡು. ಕನ್ನಡ ಟೈಪ್ ಮಾಡೋದು ನಿಧಾನ, ತಪ್ಪಿದ್ರೆ ಕ್ಷಮಿಸಿ.

ಮಾತಿಗಿಂತ ಜಾಸ್ತಿ ಕಷ್ಟ ಯೂಟ್ಯೂಬ್‌ದು. ಹಳೇ ಸಿನಿಮಾ ಹುಡುಕಿದ್ರೆ ಪೂರ್ತಿ ಸಿನಿಮಾಗಿಂತ ಮೊದಲು ‘ಕ್ಲೈಮ್ಯಾಕ್ಸ್ ಸೀನ್’ ಅಂತ ತುಣುಕು ಬರುತ್ತೆ, ಅದರ ಮೇಲೆ ಯಾರು ಸತ್ತರು ಅಂತ ಫೋಟೋ. ‘ನಾಗರಹಾವು’ ನನಗೆ ಹಾಗೇ ಹೋಯ್ತು. ಸಿನಿಮಾ ಹುಡುಕಿ ಕೊಡೋದಿದ್ರೆ ದಯವಿಟ್ಟು ನೀವೇ ಲಿಂಕ್ ತೆಗೆದು ಕೊಡಿ, “ಹುಡುಕಿ ನೋಡು” ಅನ್ನಬೇಡಿ.

ಇನ್ನೊಂದು ಹೇಳ್ತೀನಿ. ‘ಭೂಲ್ ಭುಲಯ್ಯಾ’ ನಾನು ಚಿಕ್ಕವಳಿದ್ದಾಗಲೇ ಟಿವೀಲಿ ನೋಡಿದ್ದೆ. ದಾವಣಗೆರೆಗೆ ಹೋದಾಗ ಅಜ್ಜಿ ‘ಆಪ್ತಮಿತ್ರ’ ಹಾಕಿದ್ರು. ನನಗೆ ಗೊತ್ತಿದೆ ಅಂತ ಅಜ್ಜಿಗೆ ಗೊತ್ತಿರಲಿಲ್ಲ. ಸೌಂದರ್ಯ ಬಂದಾಗೆಲ್ಲ ಅಜ್ಜಿ ನನ್ನ ಕಡೆ ನೋಡೋದು, ತುಟಿ ಬಿಗಿ ಹಿಡಿಯೋದು, “ಮುಂದೆ ನೋಡು, ಮುಂದೆ ನೋಡು” ಅನ್ನೋದು. ಹಪ್ಪಳ ಕರಿಯೋಕೆ ಎದ್ದವರು ಆ ಸೀನ್ ಹತ್ರ ಬಂತು ಅಂತ ಗ್ಯಾಸ್ ಆರಿಸಿ ಓಡಿಬಂದ್ರು, ನನ್ನ ಮುಖ ನೋಡೋಕೆ. ಅದಕ್ಕೇ ನಾನು ಬೆಚ್ಚಿಬಿದ್ದೆ, ಅಜ್ಜಿಗೋಸ್ಕರ. ಇವತ್ತಿಗೂ ಹೇಳಿಲ್ಲ.

ನಮಗೆ ಯಾರೂ ಕೊನೆ ಹೇಳದೇ ಇದ್ರೆ, ಅದರ ಅರ್ಥ ನಾವೂ ನೋಡ್ತೀವಿ ಅಂತ ಅವರಿಗೆ ನಂಬಿಕೆ ಇದೆ ಅಂತ. “ನಿಮಗೆಲ್ಲ ಗೊತ್ತಿರೋದೇ” ಅಂದಾಗ ಆ ‘ಎಲ್ಲ’ದಲ್ಲಿ ನಾವಿಲ್ಲ ಅನ್ಸುತ್ತೆ.

ಚೆಂಬೂರು

ನಮ್ಮ ಕಾಲದ ಒಂದು ಹಿಂದಿ ಸಸ್ಪೆನ್ಸ್ ಸಿನಿಮಾದ ಕೊಲೆಗಾರ ಯಾರು ಅನ್ನೋದು, ಮರುವರ್ಷ ಖಳಪಾತ್ರದ ಪ್ರಶಸ್ತಿ ಘೋಷಣೆ ಆದಾಗಲೇ ನೋಡದವರಿಗೆಲ್ಲ ಗೊತ್ತಾಗಿಹೋಯ್ತು. ಸಿನಿಮಾದ ಹೆಸರು ಹೇಳಲ್ಲ, ಪ್ರಶಸ್ತಿ ಪಡೆದವರ ಹೆಸರೂ ಹೇಳಲ್ಲ. ನೋಡಿದವರಿಗೆ ತಿಳೀತು.

ಕಿಂಗ್ಸ್ ಸರ್ಕಲ್

ತಾಯಿ, ನಿಮ್ಮ ಹಾಲಿನಲ್ಲಿ ಮಾತಾಡಿದವನು ನಾನಲ್ಲ. ಆದರೆ ಮಾಟುಂಗಾ ಕಡೆಯ ಕಾರ್ಯಕ್ರಮಗಳಲ್ಲಿ ಇಪ್ಪತ್ತು ವರ್ಷದಿಂದ ನಾನೂ ಇಂಥ ಪರಿಚಯ ಭಾಷಣ ಮಾಡುತ್ತಾ ಬಂದಿದ್ದೇನೆ. ಎಷ್ಟೋ ಸಲ ಕೊನೆ ಹೇಳಿದ್ದೇನೆ. ಎದುರಿಗೆ ಕೂತವರೆಲ್ಲ ನನ್ನ ಹಾಗೆ ಅರೋರಾ ಥಿಯೇಟರಿನಲ್ಲಿ ದಕ್ಷಿಣದ ಸಿನಿಮಾ ನೋಡಿ ಬೆಳೆದವರು ಎಂದೇ ತಿಳಿದಿದ್ದೆ. ಹಿಂದಿನ ಸಾಲಿನ ಮಕ್ಕಳನ್ನು ನೋಡಿರಲಿಲ್ಲ. ಠಾಣೆಯ ಮಗು ಬರೆದ ಕೊನೆಯ ಸಾಲು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಮುಂದಿನ ಎರಡು ಪ್ಯಾರಾಗಳಲ್ಲಿ ‘ಶೋಲೆ’ಯ ಗುಟ್ಟಿದೆ, ನೋಡದವರು ಬಿಟ್ಟು ಮುಂದೆ ಹೋಗಿ.

ನಾನು ಮುಂಬಯಿಗೆ ಬಂದದ್ದು 1976ರಲ್ಲಿ. ‘ಶೋಲೆ’ ಹಿಂದಿನ ವರ್ಷದ ಆಗಸ್ಟ್ 15ಕ್ಕೆ ಬಂದು ಮಿನರ್ವಾ ಥಿಯೇಟರಿನಲ್ಲಿ ಇನ್ನೂ ತುಂಬಿ ಓಡುತ್ತಿತ್ತು. ಐದು ವರ್ಷಕ್ಕೂ ಹೆಚ್ಚು ಓಡಿತು ಅಲ್ಲಿ. ನಮ್ಮ ರಾಮನಗರದ ಬಂಡೆಗಳನ್ನು ಪರದೆಯ ಮೇಲೆ ನೋಡುವ ಆಸೆ ನನಗೆ. ರೂಮಿನಲ್ಲಿ ನಾವು ಆರು ಜನ. ಐದು ಜನ ನೋಡಿಯಾಗಿತ್ತು. ಜೈ ಸಾಯುತ್ತಾನೆ ಎಂದು ಮೊದಲ ದಿನವೇ ಒಬ್ಬ ಹೇಳಿದ. ಗಬ್ಬರನ ಮಾತುಗಳಂತೂ ಬೀದಿಯಲ್ಲೆಲ್ಲ. ಎಲ್ಲ ಗೊತ್ತು ಎಂದುಕೊಂಡೇ ಒಳಗೆ ಹೋದೆ. ಆದರೆ ಆ ನಾಣ್ಯದ ಎರಡೂ ಬದಿ ಒಂದೇ ಎನ್ನುವುದನ್ನು ಆ ಐವರಲ್ಲಿ ಒಬ್ಬನೂ ನನಗೆ ಹೇಳಿರಲಿಲ್ಲ. ವೀರು ಆ ನಾಣ್ಯ ತಿರುಗಿಸಿ ನೋಡಿದಾಗ ನನ್ನ ಗಂಟಲು ಕಟ್ಟಿತು. ಸಾವಿಗೆ ಸಿದ್ಧನಾಗಿ ಹೋಗಿದ್ದೆ, ನಾಣ್ಯಕ್ಕೆ ಸಿದ್ಧನಾಗಿರಲಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ, “ಅದನ್ನ ಯಾಕೋ ಹೇಳಲಿಲ್ಲ?” ಗುಲ್ಬರ್ಗದ ಹುಡುಗನೊಬ್ಬ ಹೇಳಿದ, “ಅದನ್ನ ಹೇಳಿದ್ರ ನಿನಗೇನು ಉಳೀತಿತ್ತೋ?”

ಆ ಚಿತ್ರದ ಕೊನೆಯನ್ನೇ ಸೆನ್ಸಾರಿನವರು ಬದಲಿಸಿದ್ದರು ಎಂದು ಆಮೇಲೆ ತಿಳಿಯಿತು. ತುರ್ತು ಪರಿಸ್ಥಿತಿಯ ಕಾಲ. ಗಬ್ಬರನನ್ನು ಠಾಕೂರನೇ ಮುಗಿಸುವ ದೃಶ್ಯ ಚಿತ್ರೀಕರಿಸಿದ್ದರು, ನಾವೆಲ್ಲ ನೋಡಿದ್ದು ಪೊಲೀಸರು ಬಂದು ತಡೆಯುವುದನ್ನು.

ಇನ್ನು ಮೇಲೆ ನನ್ನ ಪದ್ಧತಿ ಹೀಗೆ. ಭಾಷಣಕ್ಕೆ ಮುಂಚೆ “ಈ ಸಿನಿಮಾ ನೋಡದವರು ಕೈ ಎತ್ತಿ” ಎನ್ನುತ್ತೇನೆ. ಒಂದೇ ಒಂದು ಕೈ ಎದ್ದರೂ ವರ್ಷ, ನಿರ್ದೇಶಕರು, ಕಲಾವಿದರು ಇಷ್ಟು ಹೇಳಿ ಕೂರುತ್ತೇನೆ. ಉಳಿದದ್ದು ಸಿನಿಮಾ ಆದ ಮೇಲೆ. ನಿಮ್ಮ ಬಳಗದ ಆ ಹಿರಿಯರ ಮೇಲೆ ಸಿಟ್ಟು ಬೇಡ, ನೇರವಾಗಿ ಹೋಗಿ ಹೇಳಿ. ಕೇಳುತ್ತಾರೆ.

ವಾಸ್ಕೊ ವಿಜಯಪುರ

ಸರ್, ಕೈ ಎತ್ತಸೂದು ಬಾಳ ಛಲೋ. ನಾನೂ ಊಟದ ಟೇಬಲ್ ಮ್ಯಾಲೆ ಮೊದಲ ಕೇಳ್ತೀನಿ ಈಗ, “ನೋಡೀರೇನು?” ಅಂತ. ಒಂದು ಮಾತು ಅಷ್ಟ.

ಮುಲುಂಡ್ ತಾಳಮದ್ದಳೆ

ಅಕ್ಕ, ಆಮೇಲೆ ಏನಾಯಿತು? ಮಗಳು ಮತ್ತೆ ಕನ್ನಡ ಸಿನಿಮಾ ನೋಡಿದಳಾ?

ಡೊಂಬಿವಲಿ ಅಮ್ಮ

ಮೂರು ವಾರ ಆಯ್ತು, ಹಾಗಾಗಿ ತಡವಾಗಿ ಬರೀತಿದ್ದೀನಿ. ಠಾಣೆಯ ಹುಡುಗಿ ಬರೆದದ್ದನ್ನ ಮಗಳಿಗೆ ಓದಿ ಹೇಳಿದೆ. “ಹೌದಮ್ಮ, ನನಗೂ ಹಾಗೇ ಅನ್ಸಿತ್ತು” ಅಂದ್ಲು. ಅಲ್ಲಿವರೆಗೂ ನನ್ನ ಹತ್ರ ಹೇಳಿರಲಿಲ್ಲ.

ಮೊನ್ನೆ ಶನಿವಾರ ರಾತ್ರಿ ‘ಕಸ್ತೂರಿ ನಿವಾಸ’ ಹಾಕಿದೆ. 1971ರದ್ದು, ಮೂಲ ಕಪ್ಪು-ಬಿಳುಪು, ನಾನು ಹಾಕಿದ್ದು 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ ಪ್ರತಿ. ಠಾಣೆ ಹುಡುಗಿ ಹೇಳಿದ ಹಾಗೆ ನಾನೇ ಮೊದಲು ತೆಗೆದಿಟ್ಟು, ಅಕ್ಕಪಕ್ಕದ ಚಿತ್ರಗಳೇನೂ ಕಾಣದ ಹಾಗೆ ಪರದೆ ತುಂಬ ಮಾಡಿ ಕರೆದೆ. ಬೆಂಕಿಪೊಟ್ಟಣದ ಫ್ಯಾಕ್ಟರಿಯ ಕಥೆ ಅಂದೆ, ಇನ್ನೇನೂ ಹೇಳಲಿಲ್ಲ. ಮೊದಲ ಅರ್ಧ ಗಂಟೆ ಫೋನ್ ಕೈಲೇ ಇತ್ತು. ಆಮೇಲೆ ಯಾವಾಗ ಅದನ್ನ ದಿಂಬಿನ ಕೆಳಗೆ ಇಟ್ಲೋ ನೋಡಲಿಲ್ಲ. ಕೊನೆಯಲ್ಲಿ ಮನೆಗೆ ಅತಿಥಿ ಬರ್ತಾರಲ್ಲ, ನೋಡಿದವರಿಗೆ ಗೊತ್ತು, ಊಟ ಆದ ಮೇಲೆ ಅವರು ಒಂದು ವಸ್ತು ಕೇಳ್ತಾರೆ. ಅಲ್ಲಿ ನನ್ನ ಮೊಣಕೈ ಹಿಡ್ಕೊಂಡ್ಲು. ಉಗುರು ಚುಚ್ಚುವಷ್ಟು. “ಬೇಡ, ಬೇಡ, ಕೇಳಬೇಡ” ಅಂತ ಪರದೆಗೆ ಹೇಳ್ತಿದ್ಲು, ಕನ್ನಡದಲ್ಲಿ. ಮುಗಿದ ಮೇಲೆ ಹನ್ನೊಂದೂವರೆ ರಾತ್ರೀಲಿ ಅಜ್ಜಿಗೆ ಫೋನ್ ಮಾಡಿ ಎಬ್ಬಿಸಿದ್ಲು. “ನಿಂಗೆ ಗೊತ್ತಿತ್ತಾ ಅಜ್ಜಿ? ಗೊತ್ತಿದ್ದೂ ಹೇಳಲಿಲ್ವಾ?”

ಕಿಂಗ್ಸ್ ಸರ್ಕಲ್ ಸರ್, ನಿಮ್ಮ ಮಾತಿನಂತೆ ನಮ್ಮ ಬಳಗದ ಹಿರಿಯರ ಮನೆಗೆ ಹೋಗಿ ಹೇಳಿದೆ. ಪಾಪ, ಅವರಿಗೆ ಇದು ಹೊಳೆದೇ ಇರಲಿಲ್ಲ, ಬಹಳ ನೊಂದುಕೊಂಡ್ರು. ಮುಂದಿನ ತಿಂಗಳು ‘ನಾಗರಹಾವು’ ಹಾಕ್ತಾರೆ. ಚಿತ್ರದುರ್ಗದ ಕೋಟೆ ಬಗ್ಗೆ, ತ.ರಾ.ಸು. ಅವರ ಮೂರು ಕಾದಂಬರಿ ಸೇರಿ ಈ ಸಿನಿಮಾ ಆದದ್ದರ ಬಗ್ಗೆ ಅವರ ಹತ್ರ ಹೇಳೋಕೆ ಬೇಕಾದಷ್ಟಿದೆ. ಅದೆಲ್ಲ ಸಿನಿಮಾ ಆದ ಮೇಲೆ ಅಂತ ಅವರೇ ಅಂದ್ರು. ಶಾಲೆಯವರು ಎಂಟೂವರೆಗೆ ಹಾಲ್ ಬಿಡಿ ಅಂತಾರೆ, ಹಾಗಾಗಿ ಈ ಸಲ ಐದಕ್ಕಲ್ಲ, ನಾಲ್ಕಕ್ಕೇ ಶುರು. ಬರೋರು ಸ್ವಲ್ಪ ಬೇಗ ಹೊರಡಿ, ಭಾನುವಾರ ರೈಲು ಹಳಿ ರಿಪೇರಿಯ ಮೆಗಾಬ್ಲಾಕ್ ಇರುತ್ತೆ.